ಟ್ಯೂನ್ ಚಲೋ ಐತಿ, ಸೀನಿಗೆ ಕುಂದ್ರವಲ್ದು: ಹಿನ್ನೆಲೆ ಸಂಗೀತ ಕಲಿಯುವವರಿಗೆ ಹಂತ ಹಂತದ ದಾರಿ

ಬಳ್ಳಾರಿಯ ನನ್ನ ಪುಟ್ಟ ಕೋಣೆಗೆ ಪೆನ್‌ಡ್ರೈವ್ ಹಿಡಿದು ಬರುವ ಹುಡುಗ ಹುಡುಗಿಯರು ಹೇಳುವ ಮಾತು ಹೆಚ್ಚುಕಡಿಮೆ ಒಂದೇ. ಸಿರುಗುಪ್ಪದವರಿರಲಿ, ಗಂಗಾವತಿಯವರಿರಲಿ, ಸಿಂಧನೂರಿನವರಿರಲಿ: "ಸರ್, ಟ್ಯೂನ್ ಚಲೋ ಐತಿ, ಆದ್ರ ಸೀನಿಗೆ ಕುಂದ್ರವಲ್ದು." ಕೇಳಿದರೆ ಟ್ಯೂನ್ ನಿಜವಾಗಿಯೂ ಚೆನ್ನಾಗಿರುತ್ತದೆ. ತಪ್ಪಿರುವುದು ಕೆಲಸದ ಕ್ರಮದಲ್ಲಿ. ಮೊದಲು ಕೀಬೋರ್ಡ್ ಆನ್ ಮಾಡಿ, ಆಮೇಲೆ ವಿಡಿಯೊ ತೆರೆದಿರುತ್ತಾರೆ. ಹಾಡು ಕಟ್ಟುವವರಿಗೆ ಆ ಕ್ರಮ ನಡೆಯುತ್ತದೆ, ಹಿನ್ನೆಲೆ ಸಂಗೀತಕ್ಕೆ ನಡೆಯುವುದಿಲ್ಲ. ಇಲ್ಲಿರುವ ಹಂತಗಳನ್ನು ಹಿಂದುಮುಂದು ಮಾಡದೆ ಅನುಸರಿಸಿ. ಮೊದಲ ಹಂತದ ದಿನನಿತ್ಯದ ಅಭ್ಯಾಸ ಬಿಟ್ಟರೆ, ಐದನೇ ಹಂತದವರೆಗೆ ಕೀಬೋರ್ಡಿನ ಮೇಲೆ ಬಟ್ಟೆ ಮುಚ್ಚಿಡಿ ಎಂದು ನಾನು ತಮಾಷೆಗೆ ಹೇಳುತ್ತಿಲ್ಲ.

## ಬೇಕಾದ ಸಾಮಾನು

ಒಂದು ಸಾಧಾರಣ ಲ್ಯಾಪ್‌ಟಾಪ್, ಮೈಕಿನ ಸದ್ದನ್ನು ಲ್ಯಾಪ್‌ಟಾಪಿಗೆ ಒಯ್ಯುವ, ಎರಡು ಮೈಕ್ ಜೋಡಿಸಬಹುದಾದ ಆಡಿಯೊ ಇಂಟರ್‌ಫೇಸ್, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್, ಲ್ಯಾಪ್‌ಟಾಪಿನೊಳಗಿನ ವಾದ್ಯಗಳನ್ನು ನುಡಿಸಲು 49 ಕೀಲಿಗಳ ಮಿಡಿ ಕೀಬೋರ್ಡ್, ಒಂದು ಕಂಡೆನ್ಸರ್ ಮೈಕ್. ಸಾಫ್ಟ್‌ವೇರಿಗೆ ಮೊದಲ ದಿನವೇ ಹಣ ಸುರಿಯಬೇಡಿ. ರೀಪರ್ ಎಂಬ ಧ್ವನಿಮುದ್ರಣದ ಸಾಫ್ಟ್‌ವೇರನ್ನು 60 ದಿನ ಉಚಿತವಾಗಿ ಬಳಸಿ ನೋಡಬಹುದು, ಅದರಲ್ಲೇ ವಿಡಿಯೊ ಓಡಿಸಿ ಸಂಗೀತ ಕೂಡಿಸಬಹುದು. ವಿಡಿಯೊ ಎಡಿಟ್ ಮಾಡುವ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲಿ ಫೇರ್‌ಲೈಟ್ ಎಂಬ ಧ್ವನಿ ವಿಭಾಗವೇ ಇದೆ.

ನಮ್ಮ ಕಡೆಗೆ ಇನ್ನೆರಡು ಸಾಮಾನು ಕಡ್ಡಾಯ. ಒಂದು ಯುಪಿಎಸ್. ಕರೆಂಟ್ ಹೋಗಿ ಬರುವಾಗ ಹಾರ್ಡ್‌ಡಿಸ್ಕ್ ಕೆಟ್ಟು ಮೂರು ವಾರದ ಕೆಲಸ ಕಳೆದುಕೊಂಡವನು ನಾನು, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಇನ್ನೊಂದು, ಮನೆಯ ಹಳೆಯ ಕೌದಿಗಳು. ದುಬಾರಿ ಫೋಮ್ ಹಲಗೆ ಕೊಳ್ಳುವ ಬದಲು ನಾಲ್ಕು ದಪ್ಪ ಕೌದಿಗಳನ್ನು ಗೋಡೆಯಿಂದ ನಾಲ್ಕು ಬೆರಳು ಮುಂದಕ್ಕೆ ತೂಗುಬಿಡಿ. ಕೋಣೆಯ ಮಾರ್ದನಿ ಬಹಳಷ್ಟು ಇಳಿಯುತ್ತದೆ. ಅಜ್ಜಿ ಬೈದರೆ ಅದು ನಿಮ್ಮ ಪಾಲಿಗೆ.

## ಹಂತ 1: ಕಿವಿಗೆ ದಿನಗೂಲಿ

ಸಿನಿಮಾ ಕೈಗೆ ಬರುವ ಮುಂಚೆಯೇ ಶುರುವಾಗಬೇಕಾದ ಅಭ್ಯಾಸವಿದು. ದಿನಕ್ಕೆ ಒಂದು ಗಂಟೆ ಸಾಕು, ಆದರೆ ದಿನ ತಪ್ಪಬಾರದು. ಭಾನುವಾರ ಎಂಟು ಗಂಟೆ ಕೂತು ಉಳಿದ ಆರು ದಿನ ಮುಟ್ಟದವರು ಮುಂದೆ ಹೋದದ್ದನ್ನು ನಾನು ಕಂಡಿಲ್ಲ.

ಮೊದಲ 20 ನಿಮಿಷ ಯಾವುದಾದರೂ ಸಿನಿಮಾದ ಒಂದೇ ದೃಶ್ಯವನ್ನು ಮೂರು ಸಲ ನೋಡಿ: ಒಮ್ಮೆ ಧ್ವನಿಯಿಲ್ಲದೆ, ಒಮ್ಮೆ ಕಣ್ಣು ಮುಚ್ಚಿ ಬರೀ ಕೇಳುತ್ತ, ಒಮ್ಮೆ ಎರಡನ್ನೂ ಕೂಡಿಸಿ. ಸಂಗೀತ ಯಾವ ಕ್ಷಣಕ್ಕೆ ಬಂತು, ಯಾವ ಕ್ಷಣಕ್ಕೆ ಹೋಯಿತು ಎಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. "ಚೆನ್ನಾಗಿದೆ" ಎಂದು ಬರೆಯುವುದು ನಿಷಿದ್ಧ. "ಬಾಗಿಲು ತೆರೆಯುವ ಮೊದಲೇ ತಗ್ಗು ಸ್ವರ ಶುರು, ಮಗಳು ಮಾತಾಡಿದ ಕೂಡಲೇ ಬಂದ್" ಎಂಬಂತಿರಬೇಕು ಟಿಪ್ಪಣಿ.

ಮುಂದಿನ 20 ನಿಮಿಷ ಆ ಸಂಗೀತದ ಎರಡು ಸಾಲನ್ನು ಕಿವಿಯಿಂದ ಹಿಡಿದು ನುಡಿಸಿ. ಸ್ವರ, ತಾಳ, ಯಾವ ವಾದ್ಯದ ಮೇಲೆ ಯಾವ ವಾದ್ಯ ಕೂತಿದೆ ಎಂಬುದೆಲ್ಲ ಬರಬೇಕು. ಹಿಂದೂಸ್ತಾನಿ ಕಲಿತವರಿಗೆ ಸ್ವರ ಬೇಗ ಸಿಗುತ್ತದೆ, ಆದರೆ ಕೆಳಗಿನ ಬೇಸ್ ಅವರ ಕಿವಿಗೆ ಬೀಳುವುದಿಲ್ಲ. ಚರ್ಚಿನಲ್ಲಿ ಗಿಟಾರ್ ಹಿಡಿದವರ ಕಥೆ ಇದಕ್ಕೆ ಉಲ್ಟಾ. ನಿಮ್ಮ ಕುಂಟು ಯಾವುದೆಂದು ಒಂದು ವಾರದಲ್ಲೇ ಗೊತ್ತಾಗುತ್ತದೆ.

ಉಳಿದ 20 ನಿಮಿಷಕ್ಕೆ 30 ಸೆಕೆಂಡಿನ ಹೊಸ ತುಣುಕೊಂದನ್ನು ಬರೆದು ಮುಗಿಸಿ. ಮುಗಿಸಿ ಎಂಬ ಪದಕ್ಕೇ ಇಲ್ಲಿ ಒತ್ತು. ಲ್ಯಾಪ್‌ಟಾಪಿನಲ್ಲಿ ಅರ್ಧಂಬರ್ಧ ಪ್ರಾಜೆಕ್ಟುಗಳು ತುಂಬಿದ್ದು ಪೂರ್ತಿಯಾದದ್ದು ಒಂದೂ ಇಲ್ಲದಿದ್ದರೆ ಅದು ಅಪಾಯದ ಮೊದಲ ಗುರುತು. ನಿರ್ದೇಶಕರಿಗೆ ಬೇಕಾಗಿರುವುದು ಶುಕ್ರವಾರ ಸಂಜೆಯ ಹೊತ್ತಿಗೆ ಮುಗಿದಿರುವ ಕೆಲಸ.

## ಹಂತ 2: ವಿಡಿಯೊ ಸರಿಯಾಗಿದೆಯೇ ನೋಡಿ

ಎಡಿಟ್ ಲಾಕ್ ಆಗಿದೆಯೇ, ಅಂದರೆ ಇನ್ನು ಒಂದು ಶಾಟ್ ಕೂಡ ಬದಲಾಗುವುದಿಲ್ಲವೇ ಎಂದು ಮೊದಲು ಕೇಳಿ. "ಹೆಚ್ಚುಕಡಿಮೆ ಆಗಿದೆ" ಎಂದರೆ ಆಗಿಲ್ಲ ಎಂದೇ ಅರ್ಥ. ಆ ಹೊತ್ತಿನಲ್ಲಿ ಮೂರನೇ, ನಾಲ್ಕನೇ ಹಂತದ ಕೆಲಸ ಮಾಡಿಕೊಳ್ಳಿ, ಸಂಗೀತ ಬರೆಯಬೇಡಿ.

ವಾಟ್ಸ್‌ಆ್ಯಪಿನಲ್ಲಿ ಬಂದ ವಿಡಿಯೊಗೆ ಕೆಲಸ ಶುರು ಮಾಡಬೇಡಿ. ಮೂಲ ಫೈಲನ್ನೇ ತರಿಸಿಕೊಳ್ಳಿ, ಪರದೆಯ ಮೂಲೆಯಲ್ಲಿ ಗಂಟೆ, ನಿಮಿಷ, ಸೆಕೆಂಡ್, ಫ್ರೇಮ್ ತೋರಿಸುವ ಟೈಮ್‌ಕೋಡ್ ಅಚ್ಚಾಗಿರಲಿ. ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ಎಂಬುದು, 24ರೋ, 25ರೋ, 23.976ರೋ ಎಂದು ಎಡಿಟರಿಂದ ಬರವಣಿಗೆಯಲ್ಲಿ ಪಡೆಯಿರಿ. 24 ಮತ್ತು 23.976ರ ನಡುವಿನ ವ್ಯತ್ಯಾಸ ಸಾವಿರಕ್ಕೆ ಒಂದು ಪಾಲು ಅಷ್ಟೇ. ಆದರೆ 12 ನಿಮಿಷದ ಕಿರುಚಿತ್ರದ ಕೊನೆಗೆ ಅದೇ 0.72 ಸೆಕೆಂಡ್, ಅಂದರೆ ಸುಮಾರು 17 ಫ್ರೇಮ್ ಆಗಿರುತ್ತದೆ. ಬಾಗಿಲು ಬಡಿದಾದ ಮೇಲೆ ನಿಮ್ಮ ನಗಾರಿ ಬಡಿಯುತ್ತದೆ. ಮೊಬೈಲಿನಲ್ಲಿ ಶೂಟ್ ಮಾಡಿದ ಚಿತ್ರಗಳಲ್ಲಿ ಫ್ರೇಮ್ ರೇಟ್ ನಡುನಡುವೆ ಬದಲಾಗುವುದೂ ಉಂಟು. ಅಂಥದ್ದನ್ನು ಸ್ಥಿರ ರೇಟಿಗೆ ತಂದು ಕೊಡಿ ಎಂದು ಕೇಳುವುದು ನಿಮ್ಮ ಹಕ್ಕು.

ನಿಮ್ಮ ಪ್ರಾಜೆಕ್ಟಿನ ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಸದ್ದನ್ನು ಅಳೆಯುತ್ತದೆ ಎಂಬ ಲೆಕ್ಕ) 48 ಕಿಲೋಹರ್ಟ್ಜ್, ಬಿಟ್ ಡೆಪ್ತ್ (ಪ್ರತಿ ಅಳತೆ ಎಷ್ಟು ಸೂಕ್ಷ್ಮ ಎಂಬುದು) 24 ಬಿಟ್ ಇರಲಿ. ಸಿ.ಡಿ.ಯ 44.1ರಲ್ಲಿ ಮಾಡಿದ್ದನ್ನು ಪರಿವರ್ತಿಸದೆ 48ರಲ್ಲಿ ಓಡಿಸಿದರೆ ಸಂಗೀತ ಸುಮಾರು ಶೇ 9ರಷ್ಟು ವೇಗವಾಗಿ, ಹೆಚ್ಚುಕಡಿಮೆ ಒಂದೂವರೆ ಅರೆಸ್ವರ ಮೇಲೆ ಹೋಗುತ್ತದೆ. ಗಾಯಕಿಯ ದನಿ ಎಳೆ ಹುಡುಗಿಯದಂತೆ ಕೇಳಿದರೆ ಮೊದಲು ಇಲ್ಲಿ ನೋಡಿ.

## ಹಂತ 3: ಎಲ್ಲಿ ಸಂಗೀತ ಬೇಡ?

ಇದೇ ಇಡೀ ಕೆಲಸದ ಬೆನ್ನುಮೂಳೆ. ನಿರ್ದೇಶಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ಇಡೀ ಚಿತ್ರ ನೋಡಿ. ಸಂಗೀತ ಎಲ್ಲಿ ಬರಬೇಕು, ಎಲ್ಲಿ ನಿಲ್ಲಬೇಕು ಎಂದು ಗುರುತು ಹಾಕುವ ಈ ಕೆಲಸಕ್ಕೆ ಸ್ಪಾಟಿಂಗ್ ಎನ್ನುತ್ತಾರೆ. ಹೊಸಬರು ಎಲ್ಲಿ ಹಾಕಲಿ ಎಂದು ಹುಡುಕುತ್ತಾರೆ. ನೀವು ಎಲ್ಲಿ ಬೇಡ ಎಂದು ಹುಡುಕಿ, ಆ ಜಾಗಗಳಿಗೆ ಮೊದಲು ಕೆಂಪು ಗೆರೆ ಎಳೆಯಿರಿ.

ಒಂದು ಉದಾಹರಣೆ ಹಿಡಿದೇ ಮುಂದೆ ಹೋಗೋಣ. ನನ್ನ ಬಳಿ ಕಲಿಯುತ್ತಿದ್ದವರೊಬ್ಬರು ಕೆಲಸ ಮಾಡಿದ ಕಿರುಚಿತ್ರದ ದೃಶ್ಯವಿದು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತ, ಮಾನ್ವಿ ಕಡೆಯವನು. ಆನ್ ಆ್ಯಂಡ್ ಆಫ್ ಪದ್ಧತಿಯಲ್ಲಿ (ಕೆಲವು ದಿನ ನೀರು ಬಿಟ್ಟು, ಕೆಲವು ದಿನ ನಿಲ್ಲಿಸುವುದು) ತನ್ನ ಸರದಿಗೆ ಬರಬೇಕಾದ ನೀರಿಗೆ ರಾತ್ರಿಯಿಡೀ ಕಾಯುತ್ತಾನೆ. ದೃಶ್ಯದ 8ನೇ ಸೆಕೆಂಡಿಗೆ ಕಂಬಳಿ ಸರಿಸಿ ಏಳುತ್ತಾನೆ. 33ನೇ ಸೆಕೆಂಡಿಗೆ ಅವನ ಬ್ಯಾಟರಿಯ ಬೆಳಕು ಕಾಲುವೆಯ ಒಣ ತಳದ ಮೇಲೆ ಬೀಳುತ್ತದೆ. 49ಕ್ಕೆ ನೀರಿನ ಮೊದಲ ಎಳೆ ಅವನ ಪಾದ ಮುಟ್ಟುತ್ತದೆ.

ಹುಡುಗ ಮಾಡಿಕೊಂಡು ಬಂದದ್ದೇನು ಗೊತ್ತೆ? ನೀರು ಬಂದ ಕೂಡಲೇ ನಲವತ್ತು ವಯೊಲಿನ್, ಕೋರಸ್, ಡೊಳ್ಳು. ನೀರಿನ ಸದ್ದೇ ಕೇಳಲಿಲ್ಲ! ಇಡೀ ಚಿತ್ರ ಆ ಸದ್ದಿಗಾಗಿ ಕಾದಿತ್ತು. ಸಂಗೀತ ಮಾಡಬೇಕಾದದ್ದು ಇಷ್ಟೇ: 8ಕ್ಕೆ ಶುರುವಾಗಿ, 33ಕ್ಕೆ ಬಣ್ಣ ಬದಲಿಸಿ, 49ಕ್ಕೆ ಸುಮ್ಮನಾಗುವುದು. ಅಲ್ಲಿಂದ ಮುಂದಿನದು ನೀರಿನ ಕೆಲಸ.

ಪ್ರತಿ ತುಣುಕಿಗೂ, ಅಂದರೆ ಕ್ಯೂಗೂ, ಒಂದು ಸಾಲಿನ ಪಟ್ಟಿ ಮಾಡಿ: ಸಂಖ್ಯೆ, ಶುರುವಾಗುವ ಟೈಮ್‌ಕೋಡ್, ಮುಗಿಯುವ ಟೈಮ್‌ಕೋಡ್, ಯಾಕೆ ಬೇಕು. "ಯಾಕೆ" ಎಂಬ ಕಾಲಮಿನಲ್ಲಿ "ಖಾಲಿ ಖಾಲಿ ಅನಿಸುತ್ತದೆ" ಎಂದು ಬರೆಯಬೇಕಾಗಿ ಬಂದರೆ ಆ ಕ್ಯೂವನ್ನು ಹೊಡೆದುಹಾಕಿ. ಖಾಲಿ ಅನಿಸುವುದು ಬಹಳ ಸಲ ಪರಿಸರದ ಸದ್ದು ಸೇರಿಸಿಲ್ಲದ ಕಾರಣಕ್ಕೆ. ಜೀರುಂಡೆ, ದೂರದ ಭತ್ತದ ಲಾರಿ, ನಾಯಿಯ ಬೊಗಳು ಬಂದರೆ ದೃಶ್ಯ ತುಂಬಿಕೊಳ್ಳುತ್ತದೆ.

## ಹಂತ 4: ನಿರ್ದೇಶಕರ ಮಾತನ್ನು ಬಿಡಿಸಿಕೊಳ್ಳಿ

"ಸ್ವಲ್ಪ ಫೀಲ್ ಬರ್ಲಿ", "ಪಂಚ್ ಸಾಲ್ದು", "ಏನೋ ಮಿಸ್ಸಿಂಗ್." ಈ ಮೂರು ಮಾತಿಗೆ ಯಾವ ರಾಗವೂ ಉತ್ತರವಲ್ಲ. ತಲೆಯಾಡಿಸಿ ಮನೆಗೆ ಬಂದು ಮೂರು ದಿನ ಒದ್ದಾಡುವ ಬದಲು ಅಲ್ಲೇ ಮರುಪ್ರಶ್ನೆ ಹಾಕಿ. ಈ ದೃಶ್ಯವನ್ನು ಯಾರ ಕಣ್ಣಿನಿಂದ ನೋಡುತ್ತಿದ್ದೇವೆ? ರೈತನಿಗೆ ಗೊತ್ತಿಲ್ಲದ್ದು ಪ್ರೇಕ್ಷಕನಿಗೆ ಗೊತ್ತಿರಬೇಕೆ? ಅವನಿಗೆ ಇಲ್ಲಿ ಭಯವೋ, ಸುಸ್ತೋ? ವಾದ್ಯದ ಹೆಸರು ಎತ್ತಲೇಬೇಡಿ. ನಿರ್ದೇಶಕರು ಕಥೆಯ ಮಾತಾಡಲಿ, ಅದನ್ನು ಸ್ವರಕ್ಕೆ ತಿರುಗಿಸುವುದು ನಿಮ್ಮ ಹೊರೆ.

ಎಡಿಟಿಂಗ್ ವೇಳೆ ಬೇರೆ ಸಿನಿಮಾದ ಸಂಗೀತವನ್ನು ತಾತ್ಕಾಲಿಕವಾಗಿ ಅಂಟಿಸಿರುತ್ತಾರೆ. ಎರಡು ತಿಂಗಳು ಅದನ್ನೇ ಕೇಳಿದ ನಿರ್ದೇಶಕರಿಗೆ ನಿಮ್ಮದು ಯಾವುದೂ ಹಿಡಿಸದು. ಅದನ್ನು ಒಂದೇ ಸಲ ಕೇಳಿ. ವೇಗ ಎಷ್ಟು, ಎಲ್ಲಿ ಬಂತು, ದಟ್ಟವೋ ತೆಳುವೋ ಎಂಬ ಮೂರನ್ನೇ ಬರೆದುಕೊಂಡು ಆ ಟ್ರ್ಯಾಕ್ ಅಳಿಸಿ. ಅದು ಕಿವಿಯಲ್ಲಿ ಗುಂಯ್‌ಗುಡುತ್ತಿರುವಾಗ ಬರೆದದ್ದು ಅದರ ತಂಗಿಯೇ ಆಗಿರುತ್ತದೆ. ಆಮೇಲೆ ಕೃತಿಚೌರ್ಯದ ನೋಟಿಸ್ ಬಂದರೆ ಉತ್ತರ ಕೊಡಬೇಕಾದವರು ನೀವು.

## ಹಂತ 5: ಲಯದ ಲೆಕ್ಕ

ಈಗ ಬಟ್ಟೆ ತೆಗೆಯಬಹುದು. ಆದರೆ ಮೊದಲ ಸ್ವರಕ್ಕಿಂತ ಮುಂಚೆ ಕ್ಯಾಲ್ಕುಲೇಟರ್. ಇಲ್ಲಿ ಎಡವುವವರೇ ಹೆಚ್ಚು, ಅದಕ್ಕೆ ನಿಧಾನವಾಗಿ ಹೇಳುತ್ತೇನೆ.

ಸೂತ್ರ ಒಂದೇ: ಸೆಕೆಂಡುಗಳನ್ನು ನಿಮಿಷಕ್ಕೆ ಎಷ್ಟು ಬಡಿತ ಎಂಬುದರಿಂದ ಗುಣಿಸಿ 60ರಿಂದ ಭಾಗಿಸಿದರೆ ಆ ಅವಧಿಯಲ್ಲಿ ಎಷ್ಟು ಬಡಿತ ಎಂದು ಸಿಗುತ್ತದೆ. ನಮ್ಮ ರೈತ ಏಳುವುದು 8ಕ್ಕೆ, ಒಣ ತಳ ಕಾಣುವುದು 33ಕ್ಕೆ, ನಡುವೆ 25 ಸೆಕೆಂಡ್. ಅವನ ನಡಿಗೆಗೆ 72ರ ಲಯ ಹಿತವೆನಿಸಿತು ಎನ್ನಿ. 25 × 72 ÷ 60 = 30 ಬಡಿತ. ನಾಲ್ಕರ ಆವರ್ತದಲ್ಲಿ ಅದು ಏಳೂವರೆ ಆವರ್ತ. ಅಂದರೆ ಒಣ ತಳ ಕಾಣುವ ಕ್ಷಣ ಎಂಟನೇ ಆವರ್ತದ ನಡುಮಧ್ಯೆ ಬೀಳುತ್ತದೆ, ಸಮ್ ಮೇಲೆ, ಅಂದರೆ ಆವರ್ತದ ಮೊದಲ ಬಡಿತದ ಮೇಲೆ ಅಲ್ಲ. "ಏನೋ ಮಿಸ್ಸಿಂಗ್" ಎನ್ನುವುದು ಇಂಥ ಕಡೆಯೇ.

ಲೆಕ್ಕವನ್ನು ತಿರುಗಿಸಿ. ಸರಿಯಾಗಿ 7 ಆವರ್ತ, ಅಂದರೆ 28 ಬಡಿತ ಬೇಕೆಂದರೆ 28 × 60 ÷ 25 = 67.2. ಎಂಟು ಆವರ್ತ ಬೇಕೆಂದರೆ 76.8. ಸುಸ್ತಾದ ಮನುಷ್ಯನಿಗೆ 67.2 ಒಪ್ಪುತ್ತದೆ. ಲಯ ದಶಮಾಂಶದಲ್ಲಿದೆ ಎಂದು ಅಂಜಬೇಡಿ, ಕೇಳುವವರಿಗೆ ದಶಮಾಂಶ ಕೇಳುವುದಿಲ್ಲ.

ಇನ್ನು ನೀರು ಪಾದ ಮುಟ್ಟುವ ಕ್ಷಣ. ಶುರುವಿನಿಂದ 41 ಸೆಕೆಂಡ್. 41 × 67.2 ÷ 60 = 45.92. 46ನೇ ಬಡಿತಕ್ಕೆ 0.08 ಬಡಿತವಷ್ಟೇ ಕಡಿಮೆ. 24ರ ಫ್ರೇಮ್ ರೇಟಿನಲ್ಲಿ ಇದು ಎರಡು ಫ್ರೇಮಿಗಿಂತ ಕಮ್ಮಿ, ಸಂಗೀತ ಚಿತ್ರಕ್ಕಿಂತ ಕೂದಲೆಳೆ ತಡವಾಗಿ ನಿಲ್ಲುತ್ತದೆ. ಬಿಟ್ಟುಬಿಡಿ. ಸಂಗೀತ ಒಂಚೂರು ಹಿಂದೆ ಬಿದ್ದರೆ ಮನಸ್ಸು ಕ್ಷಮಿಸುತ್ತದೆ, ಚಿತ್ರಕ್ಕಿಂತ ಮೊದಲೇ ಬಂದರೆ ಗುಟ್ಟು ರಟ್ಟಾಗುತ್ತದೆ.

ಎಚ್ಚರಿಕೆ: ಪ್ರತಿ ಕಟ್‌ಗೂ, ಪ್ರತಿ ಹೆಜ್ಜೆಗೂ ಬಡಿತ ಕೂಡಿಸಲು ಹೋದರೆ ಕಾರ್ಟೂನ್ ಆಗುತ್ತದೆ. ಒಂದು ನಿಮಿಷದ ದೃಶ್ಯಕ್ಕೆ ಎರಡು ಗುರಿ ಸಾಕು, ಮೂರಾದರೆ ಯೋಚಿಸಿ.

## ಹಂತ 6: ನಾದ ಎಲ್ಲಿಂದ?

ಲ್ಯಾಪ್‌ಟಾಪಿನ ಸ್ಯಾಂಪಲ್ ವಯೊಲಿನ್ ಎಲ್ಲರ ಬಳಿಯೂ ಇದೆ. ನಿಮ್ಮ ಬಳಿ ಮಾತ್ರ ಇರುವುದು ನಿಮ್ಮ ಊರಿನ ಸದ್ದು. ಹುಲಿಗಿಯಲ್ಲಿ ಹುಲಿಗೆಮ್ಮನ ಜೋಗತಿಯರ ಚೌಡಿಕೆ, ಮುದಗಲ್ಲಿನ ಮೊಹರಂನ ಹಲಗೆ ವಾದ್ಯ, ರಾಯಚೂರು ಸೀಮೆಯ ತತ್ವಪದದವರ ಏಕತಾರಿ, ಬಯಲಾಟದ ಮದ್ದಳೆ ಮತ್ತು ತಾಳ. ಇದನ್ನೆಲ್ಲ ಒಟ್ಟಿಗೆ ಹಾಕಿ "ಜಾನಪದ ಟಚ್" ಎನ್ನಬೇಡಿ. ಒಂದು ಚಿತ್ರಕ್ಕೆ ಒಂದೇ ದೇಸಿ ನಾದ ಆರಿಸಿ, ಅದನ್ನು ಹತ್ತು ಬಗೆಯಲ್ಲಿ ಬಳಸಿ. ರೈತನ ಚಿತ್ರಕ್ಕೆ ಕೊನೆಗೆ ಉಳಿದದ್ದು ಏಕತಾರಿಯ ಒಂದೇ ತಂತಿ. 33ನೇ ಸೆಕೆಂಡಿನವರೆಗೆ ಬೆರಳಿನಿಂದ ಮೀಟಿದ್ದು, ಆಮೇಲೆ ಪಿಟೀಲಿನ ಕಮಾನಿನಿಂದ ಉಜ್ಜಿದ್ದು. ಅದನ್ನು ಕೇಳಿದ ತತ್ವಪದದ ಅಜ್ಜ "ತಂತಿ ಅಳತೈತಲ್ಲೋ" ಎಂದು ನಕ್ಕರು.

ಧ್ವನಿಮುದ್ರಣದ ಕ್ರಮ ಹೀಗೆ. ಏಪ್ರಿಲ್-ಮೇ ತಿಂಗಳಲ್ಲಿ ಬಳ್ಳಾರಿಯ ಬಿಸಿಲು 40 ಡಿಗ್ರಿ ದಾಟಿದಾಗ ಫ್ಯಾನ್ ಆರಿಸಿ ಕೂರಲಾಗದು, ಆರಿಸದಿದ್ದರೆ ಮೈಕಿನಲ್ಲಿ ಅದೇ ಕೇಳುತ್ತದೆ. ಆದ್ದರಿಂದ ಬೆಳಗಿನ ಜಾವ 4ರಿಂದ 6. ಲಾರಿಗಳೂ ಕಡಿಮೆ, ತಂತಿಯ ಶ್ರುತಿಯೂ ಬಿಸಿಲಿಗೆ ಇಳಿಯುವುದಿಲ್ಲ. ಅತಿ ಜೋರಾದ ಪೆಟ್ಟು ಕೂಡ ಮೀಟರಿನಲ್ಲಿ ಮೈನಸ್ 10 ಡೆಸಿಬಲ್ ಸುತ್ತಮುತ್ತ ಇರಲಿ. ಸೊನ್ನೆ ಮುಟ್ಟಿ ಒಡೆದ ಹಲಗೆಯ ಪೆಟ್ಟನ್ನು ಆಮೇಲೆ ಯಾವ ಸಾಫ್ಟ್‌ವೇರೂ ಪೂರ್ತಿ ರಿಪೇರಿ ಮಾಡದು. ಹಲಗೆಗೆ ಮೈಕ್ ತೀರ ಹತ್ತಿರ ಬೇಡ, ಎರಡು ಮೊಳ ದೂರವಿಡಿ. ಕೊನೆಗೆ ಒಂದು ನಿಮಿಷ ಯಾರೂ ಉಸಿರೆತ್ತದೆ ಕೋಣೆಯ ಮೌನವನ್ನೂ ಹಿಡಿದುಕೊಳ್ಳಿ. ಎರಡು ಟೇಕ್ ಕೂಡಿಸುವಾಗ ನಡುವಿನ ಬಿರುಕು ಮುಚ್ಚಲು ಅದು ಬೇಕೇ ಬೇಕು.

ಕಲಾವಿದರಿಗೆ ಮೊದಲೇ ಹಣ ಮಾತಾಡಿ, ಅದೇ ದಿನ ಕೊಡಿ, ಟೈಟಲ್‌ನಲ್ಲಿ ಹೆಸರು ಹಾಕಿಸಿ. ಜಾತ್ರೆಯಲ್ಲಿ ಕದ್ದು ರೆಕಾರ್ಡ್ ಮಾಡಿಕೊಂಡು ಬಂದು ಸಿನಿಮಾದಲ್ಲಿ ಬಳಸುವುದು ಕಳ್ಳತನವೇ, ಅದಕ್ಕೆ ಬೇರೆ ಹೆಸರಿಲ್ಲ. ದೇವರ ಮುಂದೆ ಮಾತ್ರ ಹಾಡುವ ಪದಗಳಿರುತ್ತವೆ, ಅವನ್ನು ಕೇಳದೆ ಮುಟ್ಟಬೇಡಿ.

## ಹಂತ 7: ಮಾತಿನ ಕೆಳಗೆ ತಗ್ಗಿ ನಡೆಯುವುದು

ಸಂಭಾಷಣೆ ಇರುವಲ್ಲಿ ಸಂಗೀತದ ವಾಲ್ಯೂಮ್ ಇಳಿಸಿದರೆ ಆಯಿತು ಎನ್ನುವವರು ಅರ್ಧ ದಾರಿಯಲ್ಲೇ ಇದ್ದಾರೆ. ಮಾತಿನ ಸ್ಪಷ್ಟತೆ ಕೊಡುವ ವ್ಯಂಜನಗಳ ಸದ್ದು ಮುಖ್ಯವಾಗಿ 2ರಿಂದ 4 ಕಿಲೋಹರ್ಟ್ಜ್ ಆಸುಪಾಸಿನಲ್ಲಿದೆ. ನಿಮ್ಮ ಕೊಳಲೋ ಹಾರ್ಮೋನಿಯಮ್ಮೋ ಅಲ್ಲೇ ಕುಣಿಯುತ್ತಿದ್ದರೆ ಎಷ್ಟು ಇಳಿಸಿದರೂ ಮಾತು ಮಸುಕು. ಸದ್ದಿನ ತಗ್ಗು, ನಡು, ಎತ್ತರದ ಭಾಗಗಳನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಈಕ್ವಲೈಜರಿನಲ್ಲಿ ಅಲ್ಲಿ 3 ಡೆಸಿಬಲ್ ತಗ್ಗಿಸಬಹುದು. ಅದಕ್ಕಿಂತ ಒಳ್ಳೆಯ ದಾರಿ ಬರೆಯುವಾಗಲೇ ಜಾಗ ಬಿಡುವುದು: ಪಾತ್ರ ಮಾತಾಡುವಾಗ ಸ್ವರ ನಿಂತಿರಲಿ, ಉಸಿರೆಳೆಯುವಾಗ ಸ್ವರ ಚಲಿಸಲಿ. ಬಯಲಾಟದಲ್ಲಿ ಮಾತಿನ ನಡುವೆ ಮದ್ದಳೆಯವರು ಎಲ್ಲಿ ಪೆಟ್ಟು ಹಾಕುತ್ತಾರೆ ಎಂದು ಒಂದು ರಾತ್ರಿ ಕೂತು ನೋಡಿ, ಈ ಪಾಠ ಪೂರ್ತಿ ಅಲ್ಲೇ ಇದೆ.

ಮಾತು, ಸಂಗೀತ, ಪರಿಸರದ ಸದ್ದು ಎಲ್ಲ ಕೂಡಿಸಿದ ಮಿಕ್ಸ್ ಅನ್ನು ಕಡಿಮೆ ದನಿಯಲ್ಲಿ ಕೇಳಿ. ಆಮೇಲೆ ಮೊಬೈಲ್ ಸ್ಪೀಕರಿನಲ್ಲಿ ಕೇಳಿ. ತಗ್ಗು ಸ್ವರಗಳು ಅದರಲ್ಲಿ ಹೆಚ್ಚುಕಡಿಮೆ ಮಾಯವಾಗುತ್ತವೆ. ನಿಮ್ಮ ಇಡೀ ದೃಶ್ಯ ಒಂದು ತಗ್ಗು ಗುಡುಗಿನ ಮೇಲೆ ನಿಂತಿದ್ದರೆ, ಫೋನಿನಲ್ಲಿ ನೋಡುವವರಿಗೆ ಅಲ್ಲಿ ಏನೂ ಇರುವುದಿಲ್ಲ. ಅಮ್ಮನನ್ನೋ ಪಕ್ಕದ ಮನೆಯವರನ್ನೋ ಕೂರಿಸಿ ದೃಶ್ಯ ತೋರಿಸಿ, "ಏನಂದ ಅವ್ನು?" ಎಂದು ಅವರು ಕೇಳಿದ ಜಾಗಗಳನ್ನೆಲ್ಲ ಗುರುತು ಮಾಡಿ. ಸಂಭಾಷಣೆ ನಿಮಗೆ ಬಾಯಿಪಾಠ ಆಗಿರುವುದರಿಂದ ನಿಮ್ಮ ಕಿವಿಯನ್ನು ಇದಕ್ಕೆ ನಂಬುವಂತಿಲ್ಲ.

## ಹಂತ 8: ಕಳಿಸುವ ರೀತಿ

ಒಂದೇ ಎಂಪಿ3 ಕಳಿಸುವುದು ಮಹಾ ತಪ್ಪು. ತಾಳವಾದ್ಯ, ತಗ್ಗು ಸ್ವರ, ತಂತಿ, ಮುಖ್ಯ ಸ್ವರ ಹೀಗೆ ನಾಲ್ಕೈದು ಸ್ಟೆಮ್‌ಗಳಾಗಿ ಬೇರ್ಪಡಿಸಿ, 48 ಕಿಲೋಹರ್ಟ್ಜ್ 24 ಬಿಟ್ ವೇವ್ ಫೈಲಿನಲ್ಲಿ ಕೊಡಿ. ಎಲ್ಲವೂ ಒಂದೇ ಟೈಮ್‌ಕೋಡಿನಿಂದ ಶುರುವಾಗಬೇಕು. ಆಗ ಕೊನೆಯ ಮಿಕ್ಸ್ ಮಾಡುವವರು ಮಾತು ಬಂದಲ್ಲಿ ಮುಖ್ಯ ಸ್ವರವನ್ನಷ್ಟೇ ಇಳಿಸಬಲ್ಲರು.

ಫೈಲಿನ ಹೆಸರು ಇಂಗ್ಲಿಷ್ ಅಕ್ಷರದಲ್ಲೇ ಇರಲಿ, ಕನ್ನಡ ಅಕ್ಷರ ಕೆಲವು ಯಂತ್ರಗಳಲ್ಲಿ ಚೌಕಚೌಕವಾಗಿ ಕಾಣುತ್ತದೆ. ಚಿತ್ರದ ಹೆಸರು, ಕ್ಯೂ ಸಂಖ್ಯೆ, ಆವೃತ್ತಿ ಸಂಖ್ಯೆ, ಇಷ್ಟು ಸಾಕು. "ಫೈನಲ್", "ಫೈನಲ್ ಫೈನಲ್", "ಇದೇ ಫೈನಲ್" ಎಂಬ ಮೂರು ಫೈಲುಗಳಲ್ಲಿ ತಪ್ಪಾದದ್ದೇ ಸಿನಿಮಾಕ್ಕೆ ಹೋಗುತ್ತದೆ. ಪ್ರತಿ ರಾತ್ರಿ ಎರಡನೇ ಹಾರ್ಡ್‌ಡಿಸ್ಕಿಗೆ ನಕಲು ಮಾಡಿ, ಮತ್ತು ಆ ಡಿಸ್ಕ್ ಬೇರೆ ಕೋಣೆಯಲ್ಲಿರಲಿ.

## ಹಂತ 9: ಕಾಗದ

"ನಮ್ಮವನೇ" ಎಂದು ಕಾಗದ ಬೇಡವೆನ್ನಬೇಡಿ. ಒಂದು ಪುಟ ಸಾಕು: ಎಷ್ಟು ನಿಮಿಷದ ಸಂಗೀತ, ಎಷ್ಟು ಹಣ, ಮುಂಗಡ ಎಷ್ಟು, ಎಷ್ಟು ಸಲ ತಿದ್ದುಪಡಿ, ಲಾಕ್ ಆದ ಎಡಿಟ್ ಬದಲಾದರೆ ಹೆಚ್ಚುವರಿ ಎಷ್ಟು. ನಾನು ಎರಡು ತಿದ್ದುಪಡಿಗೆ ನಿಲ್ಲಿಸುತ್ತೇನೆ. ಮಿತಿ ಬರೆಯದೆ ಒಪ್ಪಿಕೊಂಡ ಒಂದು ಕೆಲಸದಲ್ಲಿ ಹನ್ನೊಂದು ಸಲ ತಿದ್ದಿ, ಕೊನೆಗೆ ಮೊದಲನೆಯದನ್ನೇ ಇಟ್ಟುಕೊಂಡರು.

1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿ ತಿಳಿದಿರಲಿ. ಸಿನಿಮಾದಲ್ಲಿ ಸೇರಿದ ನಿಮ್ಮ ಸಂಗೀತವನ್ನು ಚಿತ್ರಮಂದಿರದಲ್ಲಿ ಚಿತ್ರದ ಜೊತೆ ತೋರಿಸುವುದರ ಹೊರತಾಗಿ ಬೇರೆ ರೀತಿಯಲ್ಲಿ ಬಳಸಿದಾಗ ಬರುವ ರಾಯಧನದಲ್ಲಿ ನಿಮಗೆ ಸಮಪಾಲಿನ ಹಕ್ಕಿದೆ, ಅದನ್ನು ಬಿಟ್ಟುಕೊಡುತ್ತೇನೆ ಎಂದು ಬರೆಸಿಕೊಂಡರೂ ಆ ಬರಹಕ್ಕೆ ಬೆಲೆಯಿಲ್ಲ. ಸ್ವರ ಸಂಯೋಜಕರ ಮತ್ತು ಗೀತರಚನಕಾರರ ಪರವಾಗಿ ರಾಯಧನ ಸಂಗ್ರಹಿಸುವ ಸಂಸ್ಥೆ ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ, ಅಂದರೆ ಐಪಿಆರ್‌ಎಸ್. ಕ್ಯೂ ಪಟ್ಟಿ ಜೋಪಾನವಾಗಿ ಇಟ್ಟಿದ್ದರೆ ಅಲ್ಲಿ ನಿಮ್ಮ ಕೆಲಸ ಹಗುರ.

## ಹಂತ 10: ಹಿಂದಿನ ಸಾಲಿನಲ್ಲಿ ಕೂರುವುದು

ಚಿತ್ರ ತೋರಿಸುವ ದಿನ ನೋಟ್‌ಬುಕ್ ಹಿಡಿದು ಹಿಂದಿನ ಸಾಲಿನಲ್ಲಿ ಕೂರಿ. ಜಾಗ ರಾಯಚೂರಿನ ಸಿದ್ದರಾಮ ಜಂಬಲದಿನ್ನಿ ರಂಗಮಂದಿರವೋ ಊರಿನ ಶಾಲೆಯ ಅಂಗಳವೋ, ಪರದೆ ಮಾತ್ರ ನೋಡಬೇಡಿ, ತಲೆಗಳನ್ನು ನೋಡಿ. ಎಷ್ಟು ಹೊತ್ತಿಗೆ ಕೆಮ್ಮಿದರು, ಯಾವಾಗ ಫೋನಿನ ಬೆಳಕು ಹತ್ತಿತು, ಎಲ್ಲಿ ಯಾರೂ ಅಲುಗಲಿಲ್ಲ ಎಂದು ಸಮಯದ ಸಮೇತ ಗುರುತಿಸಿ, ಮನೆಗೆ ಹೋಗಿ ಕ್ಯೂ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿ. ಕೆಮ್ಮು ಶುರುವಾದ ಜಾಗದಲ್ಲಿ ಬಹಳ ಸಲ ನೀವು ತುಂಬ ಇಷ್ಟಪಟ್ಟು ಬರೆದ ಸಾಲೇ ಇರುತ್ತದೆ.

ರೈತನ ಚಿತ್ರದ ದಿನ ನಾನೂ ಹೋಗಿದ್ದೆ. ಏಕತಾರಿ ನಿಂತಿತು, ನೀರು ಹರಿದ ಸದ್ದು ಬಂತು, ಮುಂದಿನ ಸಾಲಿನ ಒಬ್ಬ ಮುದುಕರು ಕೂತಲ್ಲೇ ಚಪ್ಪಲಿ ಬಿಟ್ಟು ಕಾಲು ಮೇಲೆ ಎಳೆದುಕೊಂಡರು. ಹುಡುಗ ನೋಟ್‌ಬುಕ್ಕಿನಲ್ಲಿ 49 ಎಂದು ಬರೆದು ಅದರ ಸುತ್ತ ಒಂದು ಸೊನ್ನೆ ಸುತ್ತಿದ.